ಪಕ್ಕದ ಬೀದಿಯ ನಕ್ಷತ್ರ

ಬೆಳಗಿನ ಜಾವ ನಾಲ್ಕೂವರೆ. ದಿಬ್ಬದ ಬುಡದಲ್ಲಿ, ಸೊಂಟದ ಆಳದ ಗುಂಡಿಯೊಳಗೆ ಇಳಿದ ಮನುಷ್ಯ ಉದ್ದನೆಯ ಕಬ್ಬಿಣದ ಕೀಲಿಯನ್ನು ಐದನೇ ಬೀದಿಯ ವಾಲ್ವಿನ ತಲೆಗೆ ಸಿಕ್ಕಿಸುತ್ತಾರೆ. ಸಿಕ್ಕಿಸಿ, ತಿರುಗಿಸದೆ ಸುಮ್ಮನೆ ನಿಲ್ಲುತ್ತಾರೆ. ಬಲಗೈ ನೋಡಿಕೊಳ್ಳುತ್ತಾರೆ, ಆಮೇಲೆ ಎಡಗೈ. ಮೊಳದಷ್ಟು ದೂರದಲ್ಲೇ ಇರುವ ಆರನೇ ಬೀದಿಯ ವಾಲ್ವನ್ನು ಒಮ್ಮೆ, ಇದನ್ನು ಒಮ್ಮೆ ನೋಡಿ, ಗುಂಡಿಯ ಗೋಡೆಗೆ ತಾವೇ ಬಳಿದ ಬಿಳಿ ಅಂಕಿಯನ್ನು ಬೆರಳಿನಿಂದ ತಡವಿ, “ಐದು” ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ಅಲ್ಲಿಂದ ಶುರು. ಒಂದು, ಎರಡು, ಮೂರು... ಇಪ್ಪತ್ತೆರಡು ಸುತ್ತು. ನೆಲದೊಳಗೆ ಎಲ್ಲೋ ನೀರು ಗಂಟಲು ಸರಿಮಾಡಿಕೊಂಡು ಹೊರಡುತ್ತದೆ.

“ಇಪ್ಪತ್ತಾರು ವರ್ಷ ಕಣ್ಣು ಮುಚ್ಕೊಂಡು ತಿರುಗಿಸ್ತಿದ್ದೆ,” ಎನ್ನುತ್ತಾರೆ ಗುಂಡಿಯ ಅಂಚಿಗೆ ಕೈಕೊಟ್ಟು ಮೇಲೆ ಬರುತ್ತ. “ಈಗೊಂದು ಹದಿನೈದು ದಿನದಿಂದ ಕಣ್ಣು ಬಿಟ್ಕೊಂಡು ತಿರುಗಿಸ್ತೀನಿ. ಎಡ ಯಾವುದು, ಬಲ ಯಾವುದು ಅನ್ನೋದರ ಮೇಲೇ ನಂಬಿಕೆ ಹೋಗ್ಬಿಟ್ಟಿದೆ ನೋಡಿ.”

ಇವರು ಈ ಬಡಾವಣೆಯ ನೀರುಗಂಟಿ. ವಯಸ್ಸು ಐವತ್ತೆಂಟು. ಹದಿನಾಲ್ಕು ಬೀದಿ, ಹದಿನಾಲ್ಕು ವಾಲ್ವು. ಒಂಬತ್ತನೇ ಬೀದಿ ಇಳಿಜಾರಿನದು, ಹನ್ನೊಂದು ಸುತ್ತು ತೆರೆದರೆ ಸಾಕು. ಐದನೇ ಬೀದಿ ಏರು, ಅದಕ್ಕೆ ಇಪ್ಪತ್ತೆರಡು. ಬೆಳಗ್ಗೆ ತೆರೆಯುವಾಗ ಇನ್ನೂರ ಮೂವತ್ತು ಚಿಲ್ಲರೆ ಸುತ್ತು, ಮುಚ್ಚುವಾಗ ಮತ್ತೆ ಅಷ್ಟೇ. ಒಂದು ಬೀದಿಗೆ ಬಿಟ್ಟರೆ ಪಕ್ಕದ ಬೀದಿಯ ರಭಸ ಇಳಿಯುತ್ತದೆ. ಆದ್ದರಿಂದ ಇವರ ಕಣ್ಣು ಯಾವತ್ತೂ ಎರಡರ ಮೇಲಿರುತ್ತದೆ. “ಒಂದನ್ನೇ ನೋಡಿ ಹೆಚ್ಚು ಕಮ್ಮಿ ಹೇಳೋಕಾಗಲ್ಲ. ಪಕ್ಕದ್ದು ಹೇಗಿದೆ ಅಂತ ನೋಡಿದ್ರೇನೇ ಇದರದ್ದು ಗೊತ್ತಾಗೋದು.”

ಈ ಮಾತನ್ನು ಅವರು ನೀರಿನ ಬಗ್ಗೆ ಹೇಳಿದ್ದು. ಆದರೆ ಅವರ ಇನ್ನೊಂದು ಕೆಲಸಕ್ಕೂ ಅದೇ ಮಾತು ಸಲ್ಲುತ್ತದೆ. ಆ ಕೆಲಸಕ್ಕೆ ಸಂಬಳವಿಲ್ಲ, ರಜೆಯಿಲ್ಲ, ಇವತ್ತಿನವರೆಗೆ ಯಾವ ಪಟ್ಟಿಯಲ್ಲೂ ಹೆಸರಿರಲಿಲ್ಲ. ಕಣ್ಣಿಗೆ ಕಾಣದ ನಕ್ಷತ್ರವೊಂದನ್ನು ಹುಡುಕಿ ಹಿಡಿದು, ಅದು ಇವತ್ತು ಹೇಗಿದೆ ಎಂದು ಬರೆದಿಡುವುದೇ ಆ ಕೆಲಸ.

ದಿಬ್ಬದ ಮೇಲಿರುವ ನೀರಿನ ಟ್ಯಾಂಕಿಗೆ ನಲವತ್ತೆಂಟು ಮೆಟ್ಟಿಲು. ಟ್ಯಾಂಕಿನ ಮಾಳಿಗೆ ಚಪ್ಪಟೆ, ಸುತ್ತ ಮೊಣಕಾಲೆತ್ತರದ ಕಟ್ಟೆ. ಊರಿನ ಬೀದಿದೀಪಗಳೆಲ್ಲ ಕೆಳಗೇ ಉಳಿದುಬಿಡುತ್ತವೆ. ಮೂಲೆಯಲ್ಲಿ ತಾಡಪಾಲು ಹೊದ್ದು ನಿಂತಿರುವುದು ದುರ್ಬೀನು. ಆಳೆತ್ತರದ ಬಿಳಿ ಕೊಳವೆ, ಮೂರು ಕಾಲಿನ ಕಬ್ಬಿಣದ ಪೀಠ, ಬೆನ್ನ ಮೇಲೆ ಗುರಿ ಹಿಡಿಯಲು ಇನ್ನೊಂದು ಪುಟ್ಟ ದುರ್ಬೀನು. ಅದನ್ನು ಹತ್ತೊಂಬತ್ತು ವರ್ಷದ ಹಿಂದೆ ಇಲ್ಲಿಗೆ ತಂದಿಟ್ಟವರು ದಿಬ್ಬದ ಕೆಳಗಿನ ಹಂಚಿನ ಮನೆಯಲ್ಲಿರುವ ಗಣಿತದ ಮೇಷ್ಟ್ರು.

“ಅವತ್ತು ಹೊತ್ತು ತಂದೋನು ನಾನೇ. ಯಾವುದೋ ಪಂಪಿನ ಪಾರ್ಟು ಅಂದ್ಕೊಂಡಿದ್ದೆ,” ಎಂದು ನೀರುಗಂಟಿ ನಗುತ್ತಾರೆ. “ಮೇಲೆ ಬಂದ್ಮೇಲೆ ಕೇಳ್ದೆ, ಮೇಷ್ಟ್ರೇ ಇದಕ್ಕೆ ನೀರು ಯಾವ ಕಡೆಯಿಂದ ಬಿಡೋದು ಅಂತ.”

ಮೇಷ್ಟ್ರ ನಕ್ಷತ್ರಕ್ಕೆ ಹೆಸರಿಲ್ಲ, ನಂಬರಿದೆ. ಅದು ತಿಂಗಳುಗಟ್ಟಲೆ ನಿಧಾನಕ್ಕೆ ಬೆಳಗಿ, ನಿಧಾನಕ್ಕೆ ಮಂಕಾಗುವ ಜಾತಿಯದು. ಯಾವಾಗ ಬೆಳಗುತ್ತದೆ, ಎಷ್ಟು ಮಂಕಾಗುತ್ತದೆ ಎಂದು ತಿಳಿಯಲು ಒಂದೇ ದಾರಿ: ಯಾರಾದರೂ ನೋಡುತ್ತಲೇ ಇರಬೇಕು. ಬೇರೆ ಬೇರೆ ಊರುಗಳಲ್ಲಿ ಹೀಗೆ ನೋಡುವ ಹವ್ಯಾಸಿಗಳ ಸಂಘವೊಂದಿದೆ. ಪ್ರತಿಯೊಬ್ಬರೂ ತಿಂಗಳಿಗೊಮ್ಮೆ ಅಂಕಿಗಳನ್ನು ಕಳಿಸುತ್ತಾರೆ. ಸಂಘದವರು ಅವನ್ನೆಲ್ಲ ಒಂದು ಹಾಳೆಯ ಮೇಲೆ ಚುಕ್ಕಿಗಳಾಗಿ ಇಡುತ್ತಾರೆ. ಚುಕ್ಕಿಗಳು ಸೇರಿ ಏರಿಳಿಯುವ ಒಂದು ಅಲೆಯಾಗುತ್ತದೆ. ಸೃಷ್ಟಿಸಿದವನು ಇಷ್ಟೊಂದು ದೀಪ ಹಚ್ಚಿಟ್ಟು ಒಂದಕ್ಕೂ ಚೀಟಿ ಅಂಟಿಸಲಿಲ್ಲ. ಯಾವ ದೀಪದ ಎಣ್ಣೆ ಯಾವಾಗ ತೀರುತ್ತದೆಂದು ಕಾದು ನೋಡುವ ಕೆಲಸ ಮಾತ್ರ ಮನುಷ್ಯನಿಗೆ ಬಿಟ್ಟ.

ಹನ್ನೆರಡು ವರ್ಷದ ಹಿಂದೆ ಮೇಷ್ಟ್ರ ಕಣ್ಣಿನ ಒಳಪರದೆ ಸವೆಯಿತು. ಹಗಲು ಭೂತಗನ್ನಡಿ ಹಿಡಿದು ಓದಬಲ್ಲರು, ಕತ್ತಲಾದರೆ ಎದುರಿಗೆ ನಿಂತವರೂ ಕಾಣರು. ಆವತ್ತಿನಿಂದ ನೋಡುವ ಕಣ್ಣು ನೀರುಗಂಟಿಯದು, ಬರೆದು ಕಳಿಸುವ ಕೈ ಮೇಷ್ಟ್ರದು.

ದಾರಿ ಹೇಗೆ ಸಿಗುತ್ತದೆ ಎಂದು ಕೇಳಿದರೆ, ಹೊಸ ಬಾಡಿಗೆದಾರರಿಗೆ ಮನೆ ತೋರಿಸುವವರ ಧಾಟಿಯಲ್ಲಿ ಹೇಳುತ್ತಾರೆ. “ಆ ದಪ್ಪ ನಕ್ಷತ್ರ ಇದೆಯಲ್ಲ, ಅಲ್ಲಿಂದ ಹೊರಡಿ. ಮೇಲಕ್ಕೆ ಬಂದ್ರೆ ಮೂವರು ಬಸ್ಸಿಗೆ ಕಾಯೋರ ಥರ ಸಾಲಾಗಿ ನಿಂತಿರ್ತಾರೆ. ಮೂರನೆಯವನ ಹತ್ರ ತಿರುಗಿ. ಆಮೇಲೆ ಏನೂ ಇಲ್ಲ, ಖಾಲಿ ಸೈಟು. ಇಷ್ಟೂ ಪುಟ್ಟ ದುರ್ಬೀನಲ್ಲೇ. ಖಾಲಿ ಸೈಟಿನ ಅಂಚಿಗೆ ಗುರಿ ನಿಲ್ಲಿಸಿ, ದೊಡ್ಡದರಲ್ಲಿ ಕಣ್ಣಿಡಿ. ಇಬ್ಬರು ಅಕ್ಕಪಕ್ಕ ಕೂತಿರ್ತಾರೆ, ಅವಳಿಜವಳಿ ಥರ. ಎಡಗಡೆಯದು ನಮ್ಮದು.”

ಕಣ್ಣಿಟ್ಟವರಿಗೆ ಮೊದಲು ಕಾಣುವುದು ತಮ್ಮದೇ ರೆಪ್ಪೆಯ ಕೂದಲು. ಆಮೇಲೆ ಬೂದಿ ಬಣ್ಣದ ಕತ್ತಲು. ಅದರಲ್ಲಿ ಎಲ್ಲೆಲ್ಲೂ ಏನೋ ಇದ್ದಂತೆ, ಎಲ್ಲೂ ಏನೂ ಇಲ್ಲದಂತೆ. “ನೇರ ನೋಡ್ಬೇಡಿ,” ಎಂದು ಪಕ್ಕದಿಂದ ಪಿಸುಮಾತು ಬರುತ್ತದೆ. “ನೇರ ನೋಡಿದ್ರೆ ಮಾಯ ಆಗ್ತವೆ, ನಾಚಿಕೆ ಸ್ವಭಾವ. ಬೇರೆ ಏನನ್ನೋ ನೋಡೋ ಹಾಗೆ ನಟಿಸಿ.” ನಟಿಸಿದರೆ ನಿಜವಾಗಿಯೂ, ಕಣ್ಣಂಚಿಗೆ ಎರಡು ಹಿಟ್ಟಿನ ಕಣಗಳು ಬಂದು ಕೂರುತ್ತವೆ. ಸಂತೋಷಪಟ್ಟು ತಿರುಗಿ ನೋಡಿದಿರೋ, ಇಲ್ಲ.

ಮನೆಯಲ್ಲಿ ಇವರ ಹೆಂಡತಿಯ ಅಭಿಪ್ರಾಯ ಬೇರೆ. “ಅಡುಗೆಮನೇಲಿ ಸಕ್ಕರೆ ಡಬ್ಬ ಎಲ್ಲಿದೆ ಅಂತ ಮೂವತ್ತು ವರ್ಷದಿಂದ ಕೇಳ್ತಾರೆ. ಆಕಾಶದಲ್ಲಿ ಮಾತ್ರ ಎಲ್ಲಾ ಗೊತ್ತು. ಇನ್ಮೇಲೆ ಡಬ್ಬಾನ ಅಲ್ಲೇ ಇಡ್ತೀನಿ.”

ಎರಡು ನಕ್ಷತ್ರಗಳಲ್ಲಿ ಒಂದು ಬದಲಾಗುವಂಥದು, ಇನ್ನೊಂದು ಯಾವತ್ತೂ ಒಂದೇ ಸಮನೆ ಇರುವಂಥದು. ಒಂದೇ ಸಮನೆ ಇರುವ ನೆರೆಯವನ ಪಕ್ಕದಲ್ಲಿಟ್ಟು ‘ನಮ್ಮದ’ನ್ನು ಅಳೆಯಬೇಕು. ಮೇಷ್ಟ್ರು ಕಲಿಸಿದ ದಶಾಂಶಗಳು ಇವರಿಗೆ ಒಗ್ಗಲಿಲ್ಲ. ತಮ್ಮದೇ ಅಳತೆ ಮಾಡಿಕೊಂಡರು. ನಮ್ಮದು ನೆರೆಯದಕ್ಕಿಂತ ಅರ್ಧ ಸುತ್ತು ಜಾಸ್ತಿ, ಒಂದು ಸುತ್ತು ಕಡಿಮೆ, ಎರಡು ಸುತ್ತು ಜಾಸ್ತಿ. ಕೆಂಪು ಬಟ್ಟೆ ಕಟ್ಟಿದ ಟಾರ್ಚಿನ ಬೆಳಕಲ್ಲಿ ನೋಟ್‌ಬುಕ್ಕಿಗೆ ಅಷ್ಟು ಬರೆದು, ವಾಲ್ವುಗಳ ಕೆಲಸ ಮುಗಿಸಿ, ಮೇಷ್ಟ್ರ ಗೇಟಿನ ಬಳಿ ನಿಂತು ಓದಿ ಹೇಳುತ್ತಾರೆ. ಮೇಷ್ಟ್ರು ಅದನ್ನು ಸಂಘದ ಅಂಕಿಗೆ ತಿರುಗಿಸಿಕೊಳ್ಳುತ್ತಾರೆ. ಆಕಾಶ ತಿಳಿಯಾಗಿದ್ದ ದಿನಗಳು ವರ್ಷಕ್ಕೆ ನೂರ ಮೂವತ್ತು, ನೂರ ನಲವತ್ತು. ನೋಟ್‌ಬುಕ್ಕುಗಳು ಒಟ್ಟು ಹದಿನೇಳು.

ಮೂರು ವರ್ಷದ ಹಿಂದೆ ನೀರುಗಂಟಿಯ ಕತ್ತು ಹಿಡಿಯಿತು. ದುರ್ಬೀನಿನ ಬಾಲದ ಕೆಳಗೆ ಚಾಪೆ ಹಾಸಿ, ಮಲಗಿದಂತೆ ಕತ್ತು ಮೇಲೆತ್ತಿ ನೋಡಬೇಕಿತ್ತು. ಆಸ್ಪತ್ರೆಯವರು ಕತ್ತು ಹಿಂದಕ್ಕೆ ಬಾಗಿಸಲೇಕೂಡದೆಂದರು. ಮೇಷ್ಟ್ರು ಒಂದು ಸಣ್ಣ ಸಾಮಾನು ತರಿಸಿಕೊಟ್ಟರು; ಮೊಣಕೈಯಂತೆ ಬಾಗಿದ ಕೊಳವೆ, ಒಳಗೊಂದು ಕನ್ನಡಿ. ಅದನ್ನು ಸಿಕ್ಕಿಸಿದರೆ ಬೆಳಕು ಪಕ್ಕಕ್ಕೆ ಹೊರಳುತ್ತದೆ. ದುರ್ಬೀನಿನ ಮಗ್ಗುಲಲ್ಲಿ ಸ್ಟೂಲು ಹಾಕಿಕೊಂಡು ಕತ್ತು ನೆಟ್ಟಗಿಟ್ಟು ನೋಡಬಹುದು. ಇಬ್ಬರೂ ಅದನ್ನು ‘ಮೊಣಕೈ’ ಎಂದೇ ಕರೆದರು. ಕತ್ತು ನೋವು ಇಳಿಯಿತು. ಎಲ್ಲ ಸುಸೂತ್ರವಾಗಿ ನಡೆಯಿತು.

ಹೋದ ತಿಂಗಳು ಸಂಘದ ಕಾಗದ ಬರುವವರೆಗೆ.

ಕಾಗದವನ್ನು ಮೇಷ್ಟ್ರು ಇಪ್ಪತ್ತು ದಿನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ಇಪ್ಪತ್ತೊಂದನೆಯ ದಿನ ನೀರುಗಂಟಿಯನ್ನು ಜಗುಲಿಯಲ್ಲಿ ಕೂರಿಸಿ ಓದಿದರು. ಕಾಗದದಲ್ಲಿ ಬೈಗುಳವಿರಲಿಲ್ಲ. ಮೂರು ವರ್ಷಗಳಿಂದ ನಿಮ್ಮ ಅಂಕಿಗಳು ಉಳಿದವರ ಅಂಕಿಗಳಿಗೆ ತಿರುಗಾಮುರುಗಾ ಇವೆ, ಎಲ್ಲರೂ ಮಂಕಾಗಿದೆ ಎಂದಾಗ ನೀವು ಬೆಳಗಿದೆ ಎನ್ನುತ್ತೀರಿ, ಬರುವ ತಿಂಗಳ ಕೊನೆಯೊಳಗೆ ಕಾರಣ ತಿಳಿಸದಿದ್ದರೆ ಆ ಮೂರು ವರ್ಷದ ದಾಖಲೆಯನ್ನು ಕೈಬಿಡಬೇಕಾಗುತ್ತದೆ, ಮುಂದೆ ಕಳಿಸುವುದನ್ನೂ ಸ್ವೀಕರಿಸಲಾಗದು ಎಂದಿತ್ತು. ಜೊತೆಗೆ ಅಲೆಯ ಚಿತ್ರವಿದ್ದ ಹಾಳೆ. ಉಳಿದವರ ಚುಕ್ಕಿಗಳೆಲ್ಲ ಗುಂಪಾಗಿ ಕೆಳಗಿಳಿಯುವ ಕಡೆ, ಮೇಷ್ಟ್ರ ಹೆಸರಿನ ಚುಕ್ಕಿಗಳು ಒಂಟಿಯಾಗಿ ಮೇಲಕ್ಕೆ ಹೊರಟಿದ್ದವು.

“ಏನಯ್ಯಾ, ಸರಿಯಾಗಿ ನೋಡ್ತಿದ್ಯಾ ತಾನೆ?” ಎಂದರು ಮೇಷ್ಟ್ರು. ಹನ್ನೆರಡು ವರ್ಷದಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು.

“ನೋಡ್ತಿದ್ದೀನಲ್ಲ ಮೇಷ್ಟ್ರೇ. ಎಡಗಡೆಯದು.”

“ಎಡಗಡೆಯದೇ?”

“ಎಡಗಡೆಯದೇ. ದೇವರಾಣೆಗೂ ಎಡಗಡೆಯದೇ.”

ಆಮೇಲಿನ ದಿನಗಳ ಗೊಂದಲವನ್ನು ಇಬ್ಬರೂ ಬೇರೆ ಬೇರೆಯಾಗಿ ಹೇಳುತ್ತಾರೆ. ಅವರಿಬ್ಬರಿಗೂ ಅದರ ತುದಿಮೊದಲು ನೆನಪಿಲ್ಲ. ನಕ್ಷತ್ರವೇ ತನ್ನ ರೂಢಿ ಬದಲಿಸಿತೇ? ಹಾಗಾದರೆ ಉಳಿದವರಿಗೆ ಯಾಕೆ ಹಾಗೆ ಕಾಣಲಿಲ್ಲ? ದುರ್ಬೀನಿನ ಗಾಜಿಗೆ ಪಾಚಿ ಹಿಡಿಯಿತೇ? ಪಾಚಿ ಹಿಡಿದರೆ ಎರಡೂ ಮಂಕಾಗಬೇಕು. ನೀರುಗಂಟಿ ತಮ್ಮ ಕಣ್ಣಿನ ಮೇಲೇ ಅನುಮಾನಪಟ್ಟು ಕನ್ನಡಕದ ಅಂಗಡಿಗೆ ಹೋಗಿ ಬಂದರು. ಅಂಗಡಿಯವನು ಕೊನೆಯ ಸಾಲಿನ ಇರುವೆ ಅಕ್ಷರಗಳನ್ನೂ ಓದಿಸಿ, “ನಿಮಗೆ ಕನ್ನಡಕ ಮಾರೋಕೆ ಆ ದೇವರಿಗೂ ಆಗಲ್ಲ, ಹೋಗಿ ಬನ್ನಿ,” ಎಂದು ಕಳಿಸಿದ. ರಾತ್ರಿ ಊಟಕ್ಕೆ ಕೂತಾಗ ತಟ್ಟೆಯ ಎಡಗಡೆ ಒಂದು ಕಾಳು, ಬಲಗಡೆ ಒಂದು ಕಾಳು ಇಟ್ಟುಕೊಂಡು ನೋಡುತ್ತ ಕೂತರು. “ರೀ, ಅದನ್ನ ತಿನ್ನೋಕೆ ಬಡಿಸಿದ್ದು,” ಎಂದು ಹೆಂಡತಿ ನೆನಪಿಸಬೇಕಾಯಿತು.

ಗಂಟು ಬಿಚ್ಚಿದ್ದು ಒಂದು ಬೆಳಗಿನ ಜಾವ. ಮೊಣಕೈ ಬರುವ ಮುಂಚೆ ಎಲ್ಲ ಸರಿಯಿತ್ತಲ್ಲ ಎಂದು ನೆನಪಾಗಿ, ನೀರುಗಂಟಿ ಅದನ್ನು ಕಳಚಿ ಜೇಬಿಗೆ ಹಾಕಿಕೊಂಡರು. ಕತ್ತು ಏನಾದರಾಗಲಿ ಎಂದು ಹಳೆಯ ಚಾಪೆ ಹಾಸಿ, ಅಂಗಾತ ಮಲಗಿ, ನೇರವಾಗಿ ನೋಡಿದರು. ಇಬ್ಬರು ಇದ್ದರು. ಆದರೆ ಅರ್ಧ ಗಂಟೆ ಮುಂಚೆ ಸ್ಟೂಲಿನ ಮೇಲೆ ಕೂತು ನೋಡಿದಾಗ ಎಡಗಡೆಯದು ಒಂದು ಸುತ್ತು ಜಾಸ್ತಿ ಇತ್ತು. ಈಗ ಬಲಗಡೆಯದು ಒಂದು ಸುತ್ತು ಜಾಸ್ತಿ.

“ಎದ್ದು ಮೊಣಕೈ ಹಾಕ್ದೆ. ಎಡಗಡೆಯದು ಜಾಸ್ತಿ. ತೆಗೆದೆ. ಬಲಗಡೆಯದು ಜಾಸ್ತಿ. ಹಾಕ್ದೆ, ತೆಗೆದೆ. ಏಳು ಸಲ. ಮೈ ಬೆವತು ಹೋಯ್ತು. ನಕ್ಷತ್ರ ಜಾಗ ಬದಲಾಯಿಸ್ತಿದೆಯೋ, ನನ್ನ ತಲೆ ತಿರುಗ್ತಿದೆಯೋ ಗೊತ್ತಾಗ್ಲಿಲ್ಲ.”

ತಿರುಗಿಸಿದ್ದು ಕನ್ನಡಿಯ ಗುಣ. ಕನ್ನಡಿಯ ಮುಂದೆ ತಲೆ ಬಾಚುವ ಪ್ರತಿಯೊಬ್ಬರೂ ದಿನಾ ಕಾಣುವ ಗುಣ, ಎಡ ಬಲವಾಗುವುದು. ಗುರಿ ಹಿಡಿಯುವ ಪುಟ್ಟ ದುರ್ಬೀನಿಗೆ ಮೊಣಕೈ ಇರಲಿಲ್ಲ, ಅದರಲ್ಲಿ ಕ್ಷಣಹೊತ್ತು ಇಣುಕಿದರೆ ಸಾಕಿತ್ತು. ಹಾಗಾಗಿ ದಾರಿಯೆಲ್ಲ ಮೊದಲಿನಂತೆಯೇ ಇತ್ತು. ಬಸ್ಸಿಗೆ ಕಾಯುವ ಮೂವರು, ಖಾಲಿ ಸೈಟು, ಎಲ್ಲ ಸ್ವಸ್ಥಾನದಲ್ಲಿ. ಬಾಗಿಲ ತನಕ ಸರಿಯಾಗಿ ಬಂದು, ಕೊನೆಯ ಹೆಜ್ಜೆಯಲ್ಲಿ ಪಕ್ಕದ ಮನೆಗೆ ಹೊಕ್ಕಂತಾಗಿತ್ತು. ಮೊದಮೊದಲು ಏನೋ ಅದಲುಬದಲಾದಂತೆ ಅನ್ನಿಸಿತ್ತಂತೆ. “ನಾನು ಹಿಂದೆ ಇದ್ದೋನು ಮಗ್ಗುಲಿಗೆ ಬಂದು ಕೂತೆನಲ್ಲ, ಅದಕ್ಕೇ ಅವೂ ಹೊರಳಿ ಕೂತಿವೆ ಅಂದ್ಕೊಂಡೆ. ಮರ್ಯಾದೆ ಕೊಟ್ಟವು ಅಂತ ಖುಷಿನೂ ಆಯ್ತು!” ನಗಲು ಹೊರಟವರು ಅರ್ಧಕ್ಕೇ ನಿಲ್ಲಿಸುತ್ತಾರೆ. “ಮೂರು ವರ್ಷ. ನಾನೂರ ಹನ್ನೆರಡು ದಿನ. ಅಷ್ಟೂ ದಿನ ಪಕ್ಕದ ಮನೆಯವನ ಯೋಗಕ್ಷೇಮ ಬರೆದಿದ್ದೀನಿ.”

ಆ ಬೆಳಗ್ಗೆ ಅವರು ನಲವತ್ತೆಂಟು ಮೆಟ್ಟಿಲು ಇಳಿದದ್ದು ಹೇಗೋ ಅವರಿಗೇ ಗೊತ್ತಿಲ್ಲ. ಗುಂಡಿಗೆ ಇಳಿದರು, ಕೀಲಿ ಸಿಕ್ಕಿಸಿದರು, ಇಪ್ಪತ್ತೆರಡು ಸುತ್ತು ತಿರುಗಿಸಿದರು, ನೀರು ಬಿಟ್ಟ ಲೆಕ್ಕದ ಪುಸ್ತಕದಲ್ಲಿ ‘ಐದನೇ ಬೀದಿ, 22’ ಎಂದು ಬರೆದರು. ಆರು ಗಂಟೆಗೆ ಫೋನು ಹೊಡೆದುಕೊಂಡಿತು.

“ಅಣ್ಣಾ, ಐದನೇ ಬೀದಿಯಿಂದ. ನಲ್ಲೀಲಿ ಬರೀ ಗಾಳಿ. ಇವತ್ತೇನು ಗಾಳಿ ಸ್ನಾನವಾ?”

ಇಡುವಷ್ಟರಲ್ಲಿ ಇನ್ನೊಂದು. “ರೀ ಸ್ವಾಮಿ, ಆರನೇ ಬೀದಿ. ಟ್ಯಾಂಕು ತುಂಬಿ ಮೆಟ್ಟಿಲ ಮೇಲೆ ಹರೀತಿದೆ. ನಿಮ್ಮನೇಲಿ ಮಗಳ ಮದುವೆ ಏನಾದ್ರೂ ಇದೆಯಾ, ಇಷ್ಟು ಧಾರಾಳ ಯಾಕೆ?”

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಐದಕ್ಕೆ ಬದಲು ಆರನ್ನು ತಿರುವಿದ್ದರು. ಓಡಿಹೋಗಿ ಸರಿಮಾಡಿದರು. ಎರಡೂ ಬೀದಿಯವರ ಮಾತು ತಲೆಬಗ್ಗಿಸಿ ಕೇಳಿಸಿಕೊಂಡರು. ವಾಪಸು ಬಂದು ಗುಂಡಿಯ ಕಟ್ಟೆಯ ಮೇಲೆ ಕೂತು ಪುಸ್ತಕ ತಿದ್ದಲು ಪೆನ್ನು ತೆಗೆದರು. ‘ಐದನೇ’ ಎಂಬುದನ್ನು ಹೊಡೆದುಹಾಕಿ ‘ಆರನೇ’ ಎಂದು ಬರೆದರು. ಪೆನ್ನು ಮುಂದಿನ ಅಂಕಿಯ ಮೇಲೆ ಹೋಗಿ ನಿಂತಿತು. ಇಪ್ಪತ್ತೆರಡು. ಅದನ್ನು ತಿದ್ದಬೇಕೇ? ತಿದ್ದುವಂತಿಲ್ಲ. ಇಪ್ಪತ್ತೆರಡು ಸುತ್ತು ತಿರುವಿದ್ದು ನಿಜ. ತಪ್ಪಿದ್ದು ಬೀದಿ ಮಾತ್ರ.

ಭಗವಂತ ಉತ್ತರ ಕೊಡುವ ಜಾಗಗಳನ್ನು ಆರಿಸಿದವರು ನಾವಲ್ಲ. ಇವರಿಗೆ ಅದು ಕೆಸರು ಮೆತ್ತಿದ ಪುಸ್ತಕದಲ್ಲಿ, ಹೊಡೆದುಹಾಕಿದ ಒಂದು ಪದದ ಪಕ್ಕದಲ್ಲಿ ಸಿಕ್ಕಿತು.

ಉಳಿದ ವಾಲ್ವುಗಳನ್ನು ಮುಗಿಸಿ ಮೇಷ್ಟ್ರ ಮನೆಗೆ ಹೋದಾಗ ಮೇಷ್ಟ್ರು ಹಲ್ಲುಜ್ಜುತ್ತಿದ್ದರು. ಬ್ರಷ್ಷು ಬಾಯಲ್ಲಿರುವಾಗಲೇ ನೀರುಗಂಟಿ ಎಲ್ಲ ಹೇಳಿಬಿಟ್ಟರು: ಮೊಣಕೈ, ಎಡ ಬಲವಾದದ್ದು, ಐದು ಆರಾದದ್ದು. ಮೇಷ್ಟ್ರಿಗೆ ನೀರಿನ ವಿಷಯವೋ ನಕ್ಷತ್ರದ ವಿಷಯವೋ ತಿಳಿಯಲಿಲ್ಲ.

“ನಿಧಾನಕ್ಕೆ ಹೇಳಯ್ಯಾ. ಯಾವುದು ತುಂಬಿ ಹರೀತು?”

“ಅದು ಬಿಡಿ ಮೇಷ್ಟ್ರೇ. ನಾನು ಬರೆದದ್ದೇನು? ಇಬ್ಬರ ನಡುವೆ ಎಷ್ಟು ಸುತ್ತು ವ್ಯತ್ಯಾಸ ಅಂತ. ಒಂದು ಸುತ್ತು ಅಂದ್ರೆ ಒಂದು ಸುತ್ತೇ. ಅದು ಸುಳ್ಳಲ್ಲ. ಇವನನ್ನ ಅವನು ಅಂದ್ಕೊಂಡೆ, ಅಷ್ಟೇ. ನಮ್ಮದು ಒಂದು ಸುತ್ತು ಜಾಸ್ತಿ ಅಂತ ಬರೆದಿದ್ರೆ, ನಿಜವಾಗಿ ನಮ್ಮದು ಒಂದು ಸುತ್ತು...”

“ಕಡಿಮೆ,” ಎಂದರು ಮೇಷ್ಟ್ರು. ಬಾಯಿಯ ನೊರೆ ಅಂಗಿಯ ಮೇಲೆ ಇಳಿಯುತ್ತಿತ್ತು.

ಆವತ್ತು ಜಗುಲಿಯ ಮೇಲೆ ಮೂರು ವರ್ಷದ ನೋಟ್‌ಬುಕ್ಕುಗಳು ಬಿಚ್ಚಿಕೊಂಡವು. ನೀರುಗಂಟಿ ಓದಿದರು, ಮೇಷ್ಟ್ರು ಭೂತಗನ್ನಡಿ ಹಿಡಿದು ಜಾಸ್ತಿಯನ್ನು ಕಡಿಮೆ, ಕಡಿಮೆಯನ್ನು ಜಾಸ್ತಿ ಮಾಡಿದರು. ಮೊದಲ ಹತ್ತು ದಿನದ ಅಂಕಿಗಳನ್ನು ಸಂಘದ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಇಟ್ಟು ನೋಡಿದರು. ಒಂದೊಂದೇ ಚುಕ್ಕಿ, ಮೇಲೆ ಒಂಟಿಯಾಗಿ ಅಲೆಯುತ್ತಿದ್ದದ್ದು, ಕೆಳಗಿಳಿದು ಉಳಿದವುಗಳ ನಡುವೆ ಹೋಗಿ ಕೂತಿತು. ಹನ್ನೊಂದನೆಯದು ಇಡುವಾಗ ಪೆನ್ಸಿಲಿನ ಮೊನೆ ಮುರಿಯಿತು. ನೀರುಗಂಟಿ ಅದನ್ನು ಬ್ಲೇಡಿನಿಂದ ಹೆರೆದು ಕೊಟ್ಟರಂತೆ.

ಹಾಗೆಂದು ಗೊಂದಲ ಪೂರ್ತಿ ತೀರಿಲ್ಲ. ಈಗಲೂ ನೀರುಗಂಟಿ ಸ್ಟೂಲಿನ ಮೇಲೆ ಕೂತಾಗ ಎಡಗಡೆಯದನ್ನೇ ಮೊದಲು ನೋಡುತ್ತಾರೆ, ಆಮೇಲೆ ನಾಲಿಗೆ ಕಚ್ಚಿಕೊಂಡು ಬಲಕ್ಕೆ ಬರುತ್ತಾರೆ. ಮೊಣಕೈಯ ಮೇಲೆ ಸುಣ್ಣದಲ್ಲಿ ‘ಬಲಗಡೆ’ ಎಂದು ಬರೆದಿದ್ದಾರೆ. ಕತ್ತಲಲ್ಲಿ ಅದು ಕಾಣುವುದಿಲ್ಲ. ಕೆಲವು ಬೆಳಗ್ಗೆ, ಎರಡೂ ನಕ್ಷತ್ರ ಹೆಚ್ಚುಕಡಿಮೆ ಸರಿಸಮ ಕಂಡಾಗ, ತಾವು ನೋಡುತ್ತಿರುವುದು ಯಾವುದೆಂದು ಹತ್ತು ನಿಮಿಷ ಕೂತು ಯೋಚಿಸುತ್ತಾರೆ. ಆಕಾಶ ಮಾತ್ರ ಯಾವ ಕಡೆಯಿಂದ ನೋಡಿದರೂ ತನ್ನ ಪಾಡಿಗೆ ತಾನಿರುತ್ತದೆ. ಎಡಬಲಗಳೆಲ್ಲ ಕೂತು ನೋಡುವವರ ತಾಪತ್ರಯ.

ಸಂಘಕ್ಕೆ ಹೋಗಬೇಕಾದ ಉತ್ತರವನ್ನು ಬರೆಯುವುದು ಇಂದು. ಬೆಳಗ್ಗೆ ಒಂಬತ್ತು ಗಂಟೆ, ಎಲ್ಲ ವಾಲ್ವುಗಳೂ ಮುಚ್ಚಿವೆ. ನೀರುಗಂಟಿ ಜಗುಲಿಯ ಅಂಚಿನಲ್ಲಿ ಒದ್ದೆ ಪ್ಯಾಂಟಿನ ಕಾಲು ಮಡಚಿಕೊಂಡು ಕೂತಿದ್ದಾರೆ. ಮೇಷ್ಟ್ರು ಕಾಗದವನ್ನು ಮೂಗಿಗೆ ಹತ್ತಿರ ಹಿಡಿದು ಬರೆಯುತ್ತಿದ್ದಾರೆ. ತಿದ್ದಿದ ನಾನೂರ ಹನ್ನೆರಡು ಅಂಕಿಗಳ ಜೊತೆಗೆ ಸಂಘದ ಒಂದು ಫಾರಂ ಇದೆ: ಯಾವ ದುರ್ಬೀನು, ಯಾವ ದಿನದಿಂದ ಯಾವ ದಿನದವರೆಗೆ, ತಪ್ಪಿನ ಸ್ವರೂಪವೇನು. ಕೊನೆಯ ಕಾಲಮ್ಮಿನಲ್ಲಿ ‘ನೋಡಿದವರ ಹೆಸರು’.

ಅಲ್ಲಿಗೆ ಬಂದು ಪೆನ್ನು ನಿಲ್ಲುತ್ತದೆ. ಹನ್ನೆರಡು ವರ್ಷದಿಂದ ಆ ಜಾಗದಲ್ಲಿ ಮೇಷ್ಟ್ರು ತಮ್ಮ ಹೆಸರನ್ನೇ ಬರೆಯುತ್ತ ಬಂದಿದ್ದಾರೆ. “ಕಣ್ಣು ಹೋಯ್ತು ಅಂತ ಹೇಳಿದ್ರೆ ಪಟ್ಟಿಯಿಂದ ನನ್ನನ್ನ ತೆಗೆದುಬಿಡ್ತಾರೆ ಅನ್ನೋ ಭಯ ಇತ್ತು,” ಎನ್ನುತ್ತಾರೆ ಯಾರ ಮುಖವನ್ನೂ ನೋಡದೆ. “ಮೊದಲ ವರ್ಷ ಭಯ. ಆಮೇಲಾಮೇಲೆ ರೂಢಿ ಆಗ್ಬಿಡ್ತು.” ಈಗ ತಪ್ಪಿನ ಫಾರಂ ತುಂಬುವ ದಿನವೇ ಆ ಹೆಸರು ತೆಗೆದು ಇನ್ನೊಬ್ಬರದನ್ನು ಬರೆಯುವುದು ಹೇಗೆ ಎಂಬುದು ಅವರ ಸಂಕಟ. “ನನ್ನ ಹೆಸರೇ ಇರಲಿ ಕಣಯ್ಯಾ. ಮೊಣಕೈ ತರಿಸಿದೋನು ನಾನು. ಕನ್ನಡಿ ಇದೆ ಅಂತ ಗೊತ್ತಿದ್ದೂ ಹೊಳೀಲಿಲ್ಲ ನನಗೆ, ಗಣಿತದ ಮೇಷ್ಟ್ರಿಗೆ. ಇಷ್ಟು ವರ್ಷ ಕಷ್ಟಪಟ್ಟೋನಿಗೆ ಮೊದಲನೇ ಸಲ ಹೆಸರು ಬರೋದು ತಪ್ಪಿನ ಕಾಲಮ್ಮಿನಲ್ಲಿ ಆಗೋದು ಬೇಡ.”

ನೀರುಗಂಟಿ ಪ್ಯಾಂಟಿನ ಕೆಸರನ್ನು ಉಗುರಿನಿಂದ ಕೆರೆಯುತ್ತಾರೆ. ಅವರಿಗೆ ಬೇಕಾದ್ದು ಹೆಚ್ಚೇನೂ ಇಲ್ಲ. ಮುಂದಿನ ಸಲ ಅಲೆಯ ಹಾಳೆ ಬಂದಾಗ ಆ ಚುಕ್ಕಿಗಳು ಗುಂಪಿನ ಜೊತೆ ಇರುವುದನ್ನು ಅಚ್ಚಿನಲ್ಲಿ ನೋಡಬೇಕು, ಹೆಂಡತಿಗೆ ತೋರಿಸಬೇಕು.

“ನನ್ನದೇ ಬರೀರಿ ಮೇಷ್ಟ್ರೇ,” ಎನ್ನುತ್ತಾರೆ ಕೊನೆಗೆ. “ನೋಡಿದೋನು ನಾನು ತಾನೆ? ನೋಡದೇ ಇದ್ದೋನಿಗೆ ಇಂಥ ತಪ್ಪು ಎಲ್ಲಿಂದ ಬರಬೇಕು?”